ಅತ್ತೆಯ ಮಡಿಲಿಗೆ ಬಿದ್ದ ತಣ್ಣೀರು

ನಮ್ಮ ಯಜಮಾನರಿಗೆ ಪೇಟೆಯಲ್ಲಿ ತಾಮ್ರ, ಹಿತ್ತಾಳೆ ಪಾತ್ರೆಗಳ ಅಂಗಡಿಯಿತ್ತು. ಅವರ ತಾತನ ಕಾಲದಿಂದ ಬಂದದ್ದು. ಕೊಡವಾಗಲಿ ಹಂಡೆಯಾಗಲಿ, ಕೈಗೆ ಬಂದ ಕೂಡಲೇ ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟಿ, ತಲೆ ವಾಲಿಸಿ ಸದ್ದು ಕೇಳಿ, ಆಮೇಲೆ ಮಾತಾಡುತ್ತಿದ್ದರು. ನನ್ನನ್ನು ನೋಡಲು ಬಳ್ಳಾರಿಗೆ ಬಂದ ದಿನ, ನಾನು ತಂದುಕೊಟ್ಟ ಕಾಫಿ ಲೋಟವನ್ನೂ ಕುಡಿದು ಮುಗಿಸಿ ಹಾಗೆಯೇ ಕುಟ್ಟಿ ನೋಡಿದರು. ಲೋಟ ಒಪ್ಪಿಗೆಯಾಯಿತು, ಅದಕ್ಕೇ ಹುಡುಗಿಯೂ ಒಪ್ಪಿಗೆಯಾದಳು ಎಂದು ನಮ್ಮಪ್ಪ ಬಹಳ ವರ್ಷ ಹೇಳಿಕೊಂಡು ನಗುತ್ತಿದ್ದರು.

ಚಾಮರಾಜಪೇಟೆಯ ಮನೆಯಲ್ಲಿ ನಾವು ಮೂವರು. ಅವರು, ನಾನು, ಅತ್ತೆ. ಅತ್ತೆ ಆಳು ಚಿಕ್ಕದು, ಮಾತು ಚುರುಕು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿಯಿಟ್ಟು, ಲಿಂಗಪೂಜೆ ಮುಗಿಸುವ ತನಕ ತುಟಿ ಬಿಚ್ಚುತ್ತಿರಲಿಲ್ಲ. ಆ ಹೊತ್ತಿನಲ್ಲಿ ಉಳಿದ ಮಾತನ್ನೆಲ್ಲ ಆಮೇಲೆ ಸೇರಿಸಿ ಆಡುತ್ತಿದ್ದರು.

ಸ್ವಾತಂತ್ರ್ಯ ಬಂದ ಮೇಲೆ ದಂಡು ಪ್ರದೇಶದಲ್ಲಿದ್ದ ಇಂಗ್ಲಿಷಿನವರು ಒಬ್ಬೊಬ್ಬರಾಗಿ ಊರಿಗೆ ಹೊರಟರಷ್ಟೆ. ಹಾಗೆ ಹೊರಟವರೊಬ್ಬರ ಕಪ್ಪು ಕಾರು ನಮ್ಮ ಮನೆಗೆ ಬಂತು. ಅಂಗಡಿಗೆ ಮಾತ್ರ ಯಜಮಾನರು ನಡೆದೇ ಹೋಗುತ್ತಿದ್ದರು; ಪೇಟೆಯ ಗಲ್ಲಿಯಲ್ಲಿ ಕಾರಿಗೆ ಜಾಗವಿರಲಿಲ್ಲ. ಹೀಗಾಗಿ ಕಾರು ಮನೆಯ ಪಕ್ಕದ ಹೊಂಗೆ ಮರದ ಕೆಳಗೆ ನಿಂತಿರುತ್ತಿತ್ತು. ಭಾನುವಾರ ಅದನ್ನು ಒರೆಸುವುದು, ಸೋಮವಾರ ಪೂಜೆಯಾದ ಮೇಲೆ ಅತ್ತೆಯನ್ನು ಕೂರಿಸಿಕೊಂಡು ಬಸವನಗುಡಿಗೆ ಹೋಗಿ ಬರುವುದು, ಇಷ್ಟೇ ಅದರ ಕೆಲಸ.

ಹೀಗಿರುವಾಗ ನನ್ನ ತಮ್ಮನ ಮದುವೆ ವೈಶಾಖದಲ್ಲಿ ನಿಶ್ಚಯವಾಯಿತು. ಬಳ್ಳಾರಿಯ ವೈಶಾಖವೆಂದರೆ ಹೆಂಚಿನ ಮೇಲೆ ಕೂತ ಹಾಗೆ. ಹಿಂದಿನ ವರ್ಷ ಅತ್ತೆ ನನ್ನ ಜೊತೆ ರೈಲಿನಲ್ಲಿ ಅಲ್ಲಿಗೆ ಬಂದಿದ್ದರು. ಗುಂತಕಲ್ಲು ದಾಟಿದ ಮೇಲೆ ಕಣ್ಣಿಗೆ ಕತ್ತಲೆ ಬಂದು ನನ್ನ ಹೆಗಲಿಗೆ ಒರಗಿಬಿಟ್ಟರು. ಅಪ್ಪ ಅದನ್ನು ಮರೆತಿರಲಿಲ್ಲ. ಮದುವೆಯ ಕಾಗದದಲ್ಲಿ, "ಬೀಗಿತ್ತಿಯವರು ಬಿಸಿಲಿಗೆ ಅಂಜಿ ಬರದಿದ್ದರೂ ನಾವು ಬೇಸರ ಮಾಡಿಕೊಳ್ಳುವುದಿಲ್ಲ" ಎಂದು ಬರೆದರು. ಮರ್ಯಾದೆಗೆಂದು ಬರೆದದ್ದು. ಅತ್ತೆಗೆ ಅದು ಚುಚ್ಚಿತು.

"ಅಂಜೋದಾ? ನಾನಾ?" ಎಂದರು. "ನಾನು ಬಂದೇ ಬರ್ತೀನಿ ಅಂತ ಬರಿ. ಆದ್ರೆ ಆ ರೈಲ್ ಹತ್ತೋಲ್ಲ."

"ಮತ್ತೆ ಹೇಗಮ್ಮ ಬರ್ತೀಯ?" ಎಂದರು ಯಜಮಾನರು.

"ಅದು ನಿನ್ನ ತಲೆನೋವು."

ಯಜಮಾನರು ಅದನ್ನು ನಿಜಕ್ಕೂ ತಲೆಗೆ ಹಚ್ಚಿಕೊಂಡರು. ಅಮೆರಿಕದಲ್ಲಿ ಕೆಲವು ಕಾರುಗಳೊಳಗೆ ತಂಪು ಮಾಡುವ ಯಂತ್ರ ಇಡುತ್ತಾರೆಂದು ಅವರು ಯಾವುದೋ ಪತ್ರಿಕೆಯಲ್ಲಿ ಓದಿದ್ದರಂತೆ. ಆ ಯಂತ್ರ ಹೇಗಿರುತ್ತದೆ ಎಂದು ಪತ್ರಿಕೆಯವನು ಬರೆದಿರಲಿಲ್ಲ. ಅದರಿಂದ ಅವರಿಗೆ ಅನುಕೂಲವೇ ಆಯಿತು. ತಮಗೆ ಬೇಕಾದ ಹಾಗೆ ಊಹಿಸಿಕೊಂಡರು. ತಾಮ್ರದ ಒಂದು ಚಪ್ಪಟೆ ತೊಟ್ಟಿ. ಅದರೊಳಗೆ ಐಸು. ಮುಂದಿನ ಸೀಟಿನ ಬೆನ್ನ ಹಿಂದೆ, ಕಾರಿನ ಅಡ್ಡಗಲಕ್ಕೆ, ಎದೆಯೆತ್ತರದಲ್ಲಿ ಅದನ್ನು ಕೂರಿಸುವುದು. ಮುಂದಿನ ಕಿಟಕಿಯಿಂದ ನುಗ್ಗುವ ಗಾಳಿ ತೊಟ್ಟಿಗೆ ತಾಗಿ ತಣ್ಣಗಾಗಿ ಹಿಂದೆ ಕೂತವರಿಗೆ ಬೀಸುವುದು. ಕರಗಿದ ನೀರು ಒಂದು ನಲ್ಲಿ, ಒಂದು ರಬ್ಬರ್ ಕೊಳವೆಯ ಮೂಲಕ ಕಾರಿನ ತಳದ ತೂತಿನಿಂದ ರಸ್ತೆಗೆ.

"ಇಷ್ಟೇನೇ" ಎಂದು ನನಗೆ ವಿವರಿಸಿದರು. "ಇದಕ್ಕೆ ಅಮೆರಿಕದವರು ಯಂತ್ರ ಗಿಂತ್ರ ಅಂತ ಸುಮ್ನೆ ದೊಡ್ಡದು ಮಾಡಿದಾರೆ."

ತೊಟ್ಟಿಯನ್ನು ಅಂಗಡಿಗೆ ಪಾತ್ರೆ ಮಾಡಿಕೊಡುವ ಕಂಚುಗಾರರೇ ಮಾಡಿದರು. ಒಳಗೆ ಕಲಾಯಿ, ಹೊರಗೆ ಕನ್ನಡಿಯಂಥ ಹೊಳಪು, ಮೇಲೆ ಬಿಗಿಯಾದ ಮುಚ್ಚಳ. ಮನೆಗೆ ಬಂದ ದಿನ ಯಜಮಾನರು ಅದನ್ನು ಜಗಲಿಯ ಮೇಲಿಟ್ಟು ಕುಟ್ಟಿದರು. ಟಣ್ ಎಂದಿತು. ಅವರ ಮುಖ ಅರಳಿತು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು, "ಏನ್ ಸ್ವಾಮಿ, ಹೊಸ ಹಂಡೇನಾ?" ಎಂದು ಕೇಳಿದರು. "ಕಾರು ತಂಪು ಮಾಡೋಕೆ" ಎಂದರು ಇವರು. ಆತ ತಲೆಯೆತ್ತಿ ಹೊಂಗೆ ಮರದ ನೆರಳನ್ನೂ, ಅಲ್ಲಾಡುವ ಎಲೆಗಳನ್ನೂ ನೋಡಿ ಹೊರಟುಹೋದರು. ಆಗಿನ ಬೆಂಗಳೂರಿನಲ್ಲಿ ಫ್ಯಾನು ಇದ್ದ ಮನೆಯೇ ಅಪರೂಪ. ಬೇಸಿಗೆಯಲ್ಲೂ ನಾವು ಹೊದ್ದುಕೊಂಡೇ ಮಲಗುತ್ತಿದ್ದೆವು.

ಮೊದಲ ಸವಾರಿ ಮಲ್ಲೇಶ್ವರಕ್ಕೆ, ಅತ್ತೆಯ ತಂಗಿಯ ಮನೆಗೆ. ಅತ್ತೆ ಮೊಳಕಾಲ್ಮೂರಿನ ರೇಷ್ಮೆಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಬಲಗಡೆ ಕೂತರು, ನಾನು ಎಡಗಡೆ. ತೊಟ್ಟಿ ನಮ್ಮ ಮೊಣಕಾಲಿನ ಮೇಲೆ ಚಾಚಿಕೊಂಡಿತ್ತು. ಐಸನ್ನು ಗೋಣಿಚೀಲದಲ್ಲಿ ಸುತ್ತಿ ಕುಟ್ಟಿ, ತೊಟ್ಟಿ ತುಂಬ ಸುರಿದಿದ್ದರು. ಓಕಳಿಪುರದ ಹತ್ತಿರ ರೈಲು ಹಳಿ ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಅಲ್ಲಿಂದ ಮುಂದೆ ಅತ್ತೆ ಒಂದೆರಡು ಸಲ ಸೀರೆ ಕೊಡವಿಕೊಂಡರು. ಸಂಪಿಗೆ ರಸ್ತೆಗೆ ಬರುವಷ್ಟರಲ್ಲಿ ಅವರು ತೊಟ್ಟಿಯ ತಳವನ್ನೇ ದಿಟ್ಟಿಸಿ ನೋಡುತ್ತಿದ್ದರು.

"ಲೋ, ಕಾರು ನಿಲ್ಸು."

"ಯಾಕಮ್ಮ? ಇಲ್ಲೇ ಬಂದ್ಬಿಟ್ವಿ."

"ನಿಲ್ಸೋ ಅಂದ್ರೆ. ನನ್ನ ಮಡಿಲಲ್ಲಿ ಅಭಿಷೇಕ ಆಗ್ತಿದೆ."

ತಂಗಿಯ ಮನೆಯ ಮುಂದೆ ಇಳಿದಾಗ ಸೀರೆಯ ಮುಂಭಾಗ ಒದ್ದೆಯಾಗಿತ್ತು, ಅದೂ ಆಗಬಾರದ ಜಾಗದಲ್ಲಿ. ಅತ್ತೆ ಸೆರಗನ್ನು ಮುಂದಕ್ಕೆಳೆದುಕೊಂಡು, ನನ್ನನ್ನು ಗುರಾಣಿಯ ಹಾಗೆ ಮುಂದೆ ನಡೆಸಿಕೊಂಡು ಒಳಗೆ ಹೋದರು. ನನಗೆ ನಗು ತಡೆಯಲಾಗಲಿಲ್ಲ. ಅವರು ಹಿಂದಿನಿಂದ ನನ್ನ ತೋಳು ಚಿವುಟಿದರು.

ಮನೆಗೆ ಬಂದ ಮೇಲೆ ಶೋಧನೆ ಶುರುವಾಯಿತು.

ಯಜಮಾನರು ಮೊದಲು ಹೇಳಿದ ಮಾತು, "ತೊಟ್ಟಿ ಸೋರ್ತಿಲ್ಲ." ಅವರ ಅಂಗಡಿಯಿಂದ ಹೊರಟ ಯಾವ ಪಾತ್ರೆಯೂ ಸೋರಿದ್ದಿಲ್ಲ, ಆದ್ದರಿಂದ ಇದೂ ಸೋರುವುದಿಲ್ಲ. ಹಾಗಾದರೆ ನೀರೆಲ್ಲಿಂದ? ನಲ್ಲಿಯ ಮೇಲೆ ಅನುಮಾನ ಬಂತು. ನಲ್ಲಿಗೆ ನಾರು ಸುತ್ತಿ ಬಿಗಿದರು. ಆಮೇಲೆ ರಬ್ಬರ್ ಕೊಳವೆ. ಅದನ್ನು ಬದಲಾಯಿಸಿದರು. ಕೊನೆಗೆ ನನ್ನ ಮೇಲೂ ಅನುಮಾನ ಬಂತು.

"ನೀನೇನಾದ್ರೂ ತೊಟ್ಟಿ ಮೇಲೆ ಕೈ ಇಟ್ಕೊಂಡು ಒತ್ತಿದ್ಯಾ?"

"ನಾನ್ಯಾಕ್ರೀ ಒತ್ತಲಿ? ಅದೇನು ಚಪಾತಿ ಹಿಟ್ಟಾ?"

ಅಂದು ಮಧ್ಯಾಹ್ನ ತೊಟ್ಟಿಯನ್ನು ಕಾರಿನಿಂದ ಬಿಚ್ಚಿ, ಹಿತ್ತಲಲ್ಲಿ ಎರಡು ಮಣೆಗಳ ಮೇಲೆ ಕೂರಿಸಿ, ಬಾವಿಯ ನೀರು ತುಂಬಿಸಿ, ಕೆಳಗೆ ಹಳೆಯ ಪತ್ರಿಕೆಗಳನ್ನು ಹರವಿದೆವು. ಸಾಯಂಕಾಲದವರೆಗೆ ಪತ್ರಿಕೆಯ ಮೇಲೆ ಒಂದು ತೊಟ್ಟೂ ಬೀಳಲಿಲ್ಲ. ಯಜಮಾನರು ಅಂಗಡಿಯಿಂದ ಬಂದವರು ಕೋಟು ಕೂಡ ಬಿಚ್ಚದೆ ಹಿತ್ತಲಿಗೆ ಹೋಗಿ, ಒದ್ದೆಯಾಗದ ಪತ್ರಿಕೆಯನ್ನು ಎತ್ತಿ ಹಿಡಿದು ಅಮ್ಮನಿಗೆ ತೋರಿಸಿದರು.

"ನೋಡಮ್ಮ. ಹೆಂಗಿದೆಯೋ ಹಂಗೇ ಇದೆ."

"ಹಾಗಾದ್ರೆ ನಾನೇ ಸುಳ್ಳು ಹೇಳಿದ್ನೇನೋ? ಸೀರೆ ತಂದು ತೋರಿಸ್ಲಾ?"

ಮರುದಿನ ಮತ್ತೆ ಐಸು ತಂದು ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ತಳದ ಅಂಚಿನಲ್ಲಿ ಹನಿ ಮೂಡಿ, ದಪ್ಪವಾಗಿ, ಟಪ್ಪೆಂದು ಬಿತ್ತು. ಇನ್ನೊಂದು. ಮತ್ತೊಂದು. ಮೂವರೂ ಹಿತ್ತಲಲ್ಲಿ ಕುಕ್ಕುರುಗಾಲಲ್ಲಿ ಕೂತು ನೋಡಿದೆವು. ನೀರು ಹಾಕಿದರೆ ಸೋರುವುದಿಲ್ಲ, ಐಸು ಹಾಕಿದರೆ ಸೋರುತ್ತದೆ. ಇದರಿಂದ ಯಜಮಾನರು ತೆಗೆದ ತೀರ್ಮಾನ ಕೇಳಿ ನನಗೆ ಈಗಲೂ ನಗು ಬರುತ್ತದೆ. ತಪ್ಪು ಐಸಿನದು ಎಂದರು. ತಂದ ಅಂಗಡಿಯ ಐಸು ಸರಿಯಿಲ್ಲ, ಬೇರೆ ಕಡೆಯಿಂದ ತರಬೇಕು ಎಂದರು. ತಂದರು. ಬೇರೆ ಕಡೆಯ ಐಸೂ ಹಾಗೆಯೇ ತೊಟ್ಟಿಕ್ಕಿತು.

ಅಷ್ಟರಲ್ಲಿ ಸುದ್ದಿ ಪಕ್ಕದ ಮನೆಗೆ ಮುಟ್ಟಿತ್ತು. ಅಲ್ಲಿದ್ದವರು ರಿಟೈರಾದ ಓವರ್‌ಸಿಯರು. ಕೆರೆ, ಕಾಲುವೆ, ತೂಬುಗಳ ನಡುವೆ ಆಯಸ್ಸು ಕಳೆದವರು. ಬೇಲಿಯಾಚೆಯಿಂದ ಎರಡು ದಿನ ನೋಡಿ, ಮೂರನೆಯ ದಿನ ಬೆತ್ತ ಊರಿಕೊಂಡು ಬಂದೇಬಿಟ್ಟರು.

"ಕೆರೆ ಸೋರೋದು ನೀರು ಕಾಣೋ ಜಾಗದಲ್ಲಲ್ಲ, ಶೆಟ್ರೇ" ಎಂದರು. "ಎಲ್ಲೋ ಒಂದು ಕಡೆ ಒಳಗೆ ಹೊಕ್ಕು, ಏರಿಯೊಳಗೇ ಹರಿದು, ಇನ್ನೆಲ್ಲೋ ಹೊರಗೆ ಬರುತ್ತೆ. ನೀವು ತಳ ನೋಡ್ತಿದೀರ. ಬೆಸುಗೆ ನೋಡಿ."

"ಬೆಸುಗೆ ಭದ್ರವಾಗಿದೆ ಸಾರ್."

"ಬಿಸಿಗೆ ಹಿಗ್ಗುತ್ತೆ, ತಂಪಿಗೆ ಕುಗ್ಗುತ್ತೆ. ಐಸು ಬಿದ್ದಾಗ ಬೆಸುಗೆ ಕುಗ್ಗಿ ಸಂದು ಬಿಡುತ್ತೆ. ನೀರು ತುಂಬಿದಾಗ ಮುಚ್ಕೊಳುತ್ತೆ. ಸಿಂಪಲ್ಲು."

ಈ ಮಾತು ಯಜಮಾನರಿಗೆ ಹಿಡಿಸಿತು. ತಾಮ್ರದ ಮರ್ಯಾದೆ ಉಳಿಯಿತು, ದೋಷವೆಲ್ಲ ಬೆಸುಗೆಯ ಪಾಲಿಗೆ ಹೋಯಿತು. ಕಂಚುಗಾರರನ್ನು ಕರೆಸಿದರು. ಅವರು ತಮ್ಮ ಕೆಲಸದಲ್ಲಿ ಕುಂದು ಹೇಳಿದ್ದಕ್ಕೆ ಮುಖ ಗಂಟಿಕ್ಕಿಕೊಂಡು, ಅಂಚಿನುದ್ದಕ್ಕೂ ಬೆರಳು ದಪ್ಪ ಬೆಸುಗೆ ಹಾಕಿದರು. "ಇನ್ನು ಇದ್ರಲ್ಲಿ ಗಾಳಿನೂ ಆಡೋಲ್ಲ" ಎಂದು ಹೇಳಿ ಹೋದರು. ಕನ್ನಡಿಯಂತಿದ್ದ ತೊಟ್ಟಿಗೆ ಮೀಸೆ ಬಂದ ಹಾಗೆ ಕಾಣಿಸಿತು. ಐಸು ಹಾಕಿದೆವು. ಮೀಸೆಯಿಂದಲೇ ನೀರು ತೊಟ್ಟಿಕ್ಕಿತು.

"ಗಾಳಿನೂ ಆಡೋಲ್ಲ" ಎಂಬ ಮಾತನ್ನು ಯಜಮಾನರು ಪರೀಕ್ಷೆಗಿಟ್ಟರು. ಭಾನುವಾರ ಬೆಳಿಗ್ಗೆ ನನಗೆ ಬಟ್ಟೆಸೋಪನ್ನು ಬಿಸಿನೀರಲ್ಲಿ ಕದಡಿಕೊಡು ಎಂದರು. ತೊಟ್ಟಿಯ ಮುಚ್ಚಳದ ಸುತ್ತ ಮೇಣ ಮೆತ್ತಿ, ನಲ್ಲಿಯ ಬಾಯಿಗೆ ಸೈಕಲ್ ಪಂಪು ಸಿಕ್ಕಿಸಿದರು. ನಾನು ಹಳೆಯ ಬಟ್ಟೆಯಿಂದ ಸೋಪಿನ ನೊರೆಯನ್ನು ಎಲ್ಲ ಅಂಚಿಗೂ ಬಳಿದೆ. ಅವರು ಪಂಪು ಹೊಡೆದರು. ಎಲ್ಲಿ ತೂತಿದೆಯೋ ಅಲ್ಲಿ ಗುಳ್ಳೆ ಏಳಬೇಕು. ಓವರ್‌ಸಿಯರು ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು ಒಂದು ಕಡೆ, ಅತ್ತೆ ಸೊಂಟಕ್ಕೆ ಕೈಯಿಟ್ಟು ಇನ್ನೊಂದು ಕಡೆ ಕಾವಲು ನಿಂತರು.

"ಇಲ್ಲಿ! ಇಲ್ಲಿ ಗುಳ್ಳೆ!" ಎಂದು ಓವರ್‌ಸಿಯರು ಕೂಗಿದರು.

ಎಲ್ಲರೂ ಓಡಿದೆವು. ಅದು ನಾನು ಬಳಿದ ನೊರೆಯದೇ ಗುಳ್ಳೆ. ಅಲ್ಲೇ ಕೂತಿತ್ತು, ಬೆಳೆಯಲೂ ಇಲ್ಲ, ಒಡೆಯಲೂ ಇಲ್ಲ. ಯಜಮಾನರು ಪಂಪು ಒತ್ತಿ ಒತ್ತಿ ಬೆವತು ನೀರಾದರು; ಅತ್ತೆ ಅಂಗೈಯಿಂದಲೇ ಅವರ ಬೆನ್ನು ಒರೆಸಿದರು. ಕೊನೆಗೆ ಮುಚ್ಚಳದ ಮೇಣವೇ ಫಟ್ಟೆಂದು ಹಾರಿ ಅತ್ತೆಯ ಹಣೆಗೆ ತಾಗಿತು. ಅಂಚುಗಳಿಂದ ಮಾತ್ರ ಒಂದೂ ಗುಳ್ಳೆ ಏಳಲಿಲ್ಲ.

"ತೂತಿಲ್ಲ" ಎಂದರು ಯಜಮಾನರು, ನೆಲದ ಮೇಲೆ ಕೂತುಬಿಟ್ಟು. ಗೆದ್ದವರ ದನಿಯಲ್ಲ ಅದು. ತೂತು ಸಿಕ್ಕಿದ್ದರೆ ಎಷ್ಟೋ ನೆಮ್ಮದಿಯಿರುತ್ತಿತ್ತು.

ಮದುವೆ ಹತ್ತಿರ ಬರುತ್ತಿತ್ತು. ಯಜಮಾನರು ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುತ್ತಿದ್ದರು, ತುತ್ತು ಎತ್ತುತ್ತಿರಲಿಲ್ಲ. ಒಂದು ದಿನ ಹಾಗೆ ಕೂತಿದ್ದಾಗ ಅತ್ತೆ ಉಪ್ಪಿನಕಾಯಿ ಬಡಿಸುತ್ತ, "ಕುಂಕುಮ ಕದಡಿ ಹಾಕು, ಕೆಂಪು ಎಲ್ಲಿ ಬರುತ್ತೋ ಅಲ್ಲಿ ತೂತು" ಎಂದರು. ಒಂದು ಕ್ಷಣ ಬಿಟ್ಟು, "ಬೇಡ ಬೇಡ. ಆಮೇಲೆ ನನ್ನ ಸೀರೆ ಮೇಲೇ ಓಕುಳಿ ಆಗುತ್ತೆ. ಉಪ್ಪು ಹಾಕು. ಹನಿ ಉಪ್ಪಾಗಿದ್ರೆ ತೊಟ್ಟಿ ನೀರು. ಸಪ್ಪೆಯಾಗಿದ್ರೆ ಎಲ್ಲಿದೋ" ಎಂದರು.

ಯಜಮಾನರು ಅನ್ನ ಬಿಟ್ಟು ತಲೆಯೆತ್ತಿದರು. "ಅಮ್ಮ, ನೀನು ಇಷ್ಟು ದಿನ ಎಲ್ಲಿದ್ದೆ?"

"ನಿನ್ನ ಹಿಂದಿನ ಸೀಟಲ್ಲಿ. ಒದ್ದೆಯಾಗ್ತಾ."

ಆ ಮಧ್ಯಾಹ್ನವೇ ಐಸು ಬಂತು. ಕಲ್ಲುಪ್ಪಿನ ಮಡಕೆಯನ್ನು ಅಡುಗೆಮನೆಯಿಂದ ನಾನೇ ಹೊತ್ತು ತಂದೆ. ಯಜಮಾನರು ಬೊಗಸೆ ಬೊಗಸೆಯಾಗಿ ಐಸಿನ ಮೇಲೆ ಉಪ್ಪು ಸುರಿದು ಮುಚ್ಚಳ ಮುಚ್ಚಿದರು. ಕೆಳಗೆ ಒಂದು ಬಟ್ಟಲಿಟ್ಟೆವು. ಆಶ್ಚರ್ಯವೆಂದರೆ ಉಪ್ಪು ಹಾಕಿದ ಮೇಲೆ ಹನಿ ಇನ್ನೂ ಬೇಗ ಬೇಗ ಬೀಳತೊಡಗಿತು. "ಉಪ್ಪು ತಿಂದು ಬಾಯಾರಿಕೆ ಆಗಿದೆ ಅದಕ್ಕೆ" ಎಂದೆ ನಾನು. ಯಾರೂ ನಗಲಿಲ್ಲ.

ಬಟ್ಟಲಲ್ಲಿ ಒಂದು ಗುಟುಕಿನಷ್ಟು ನೀರು ಸೇರಿತು. ಯಜಮಾನರು ಅದನ್ನು ತೀರ್ಥದಂತೆ ಬೆರಳಿನಲ್ಲಿ ತೆಗೆದುಕೊಂಡು ನಾಲಗೆಗೆ ಹಚ್ಚಿದರು. ಮುಖ ಸಣ್ಣದಾಯಿತು. ಇನ್ನೊಮ್ಮೆ ಹಚ್ಚಿದರು.

"ಸಪ್ಪೆ."

"ಕೊಡಿಲ್ಲಿ" ಎಂದು ಓವರ್‌ಸಿಯರು ಬೇಲಿಯ ಮೇಲಿಂದ ಕೈ ಚಾಚಿದರು. ಅವರೂ ನೆಕ್ಕಿದರು. "ಸಪ್ಪೆನೇ."

ಯಜಮಾನರು ಮುಚ್ಚಳ ತೆಗೆದು ತೊಟ್ಟಿಯೊಳಗಿನ ನೀರನ್ನು ಬಟ್ಟಲಲ್ಲಿ ಮೊಗೆದು, ಬೇಲಿಯಾಚೆಗೂ ಕೊಟ್ಟು ತಾವೂ ನೆಕ್ಕಿ ನೋಡಿದರು. ಇಬ್ಬರೂ ಒಟ್ಟಿಗೆ ಉಗುಳಿದರು. ಬಾಯಿಗಿಡಲಾಗದಷ್ಟು ಉಪ್ಪು.

ಯಜಮಾನರ ಕಣ್ಣುಗಳು ನಿಧಾನವಾಗಿ ದೊಡ್ಡದಾದವು. ಅವರು ಓವರ್‌ಸಿಯರ ಕಡೆ ತಿರುಗಿ, ಪಿಸುದನಿಯಲ್ಲಿ, "ಸಾರ್, ತಾಮ್ರ ಉಪ್ಪನ್ನ ಸೋಸ್ತಿದೆ" ಎಂದರು.

"ಅಂದ್ರೆ?"

"ಉಪ್ಪುನೀರು ಒಳಗೆ, ಸಿಹಿನೀರು ಹೊರಗೆ. ಸಮುದ್ರದ ನೀರು ಹಾಕಿದ್ರೂ ಹೀಗೇ ಬರಬೇಕಲ್ವಾ?"

ಓವರ್‌ಸಿಯರು ಬೆತ್ತದ ಹಿಡಿಕೆಯನ್ನು ಗಲ್ಲಕ್ಕೊತ್ತಿಕೊಂಡು ಯೋಚಿಸಿದರು. "ಮದ್ರಾಸಿನವರು ಬಿಡೋಲ್ಲ ನಿಮ್ಮನ್ನ" ಎಂದರು ಗಂಭೀರವಾಗಿ.

ನಮ್ಮವರು ಮದ್ರಾಸಿಗೆ ನೀರು ಕುಡಿಸುವ ಕನಸಿನಲ್ಲಿದ್ದಾಗ ನಾನು ತೊಟ್ಟಿಯ ಹತ್ತಿರ ಕೂತೆ. ಅವರು ಮುಚ್ಚಳವನ್ನು ಮತ್ತೆ ಮುಚ್ಚಿದ್ದರು. ಅದರ ಮೇಲೆ ಏನೋ ಬೆಳ್ಳಗೆ ಹಬ್ಬಿತ್ತು. ಸೋಪು ಒಣಗಿರಬೇಕೆಂದು ಬೆರಳಿನಿಂದ ಗೀಚಿದೆ. ಬೆರಳು ಜುಮ್ಮೆಂದಿತು. ಬೆಳ್ಳಗಿನದು ಬೆರಳ ಕೆಳಗೆ ಕರಗಿ ನೀರಾಗಿ ಅಂಚಿನ ಕಡೆ ಜಾರಿತು. ಸೆರಗಿನಿಂದ ಒಂದು ಕಡೆ ಒರೆಸಿ ತಾಮ್ರವನ್ನು ಹೊಳೆಯುವಂತೆ ಮಾಡಿದೆ. ನೋಡನೋಡುತ್ತಿದ್ದಂತೆ ಹೊಳಪು ಮಸುಕಾಯಿತು, ಉಸಿರು ಊದಿದ ಕನ್ನಡಿಯ ಹಾಗೆ. ಆ ಮಸುಕಿನಲ್ಲಿ ಸಾಸಿವೆಯಂಥ ಹನಿಗಳೆದ್ದವು.

"ಅತ್ತೆ, ಇಲ್ಲಿ ಬನ್ನಿ. ಮುಚ್ಚಳದ ಮೇಲೂ ನೀರಿದೆ."

ಅತ್ತೆ ಬಗ್ಗಿ ನೋಡಿದರು. ಮೊದಲು ಕಂಡದ್ದು ಆ ಬಿಳುಪು. "ಶಿವ ಶಿವ, ಇದೂ ವಿಭೂತಿ ಇಟ್ಕೊಂಡಿದೆ" ಎಂದು ಕೈ ಮುಗಿಯಲು ಹೋದವರು ಅರ್ಧಕ್ಕೇ ನಿಲ್ಲಿಸಿದರು. ನಾನು ಒರೆಸಿದ ಜಾಗವನ್ನು ತಾವೂ ಒರೆಸಿದರು. ಮತ್ತೆ ಹನಿ ಬಂತು. ಮತ್ತೆ ಒರೆಸಿದರು. ಆಮೇಲೆ ತೊಟ್ಟಿಯನ್ನು ಬಿಟ್ಟು, ಪಂಪು ಹೊಡೆದ ದಿನ ಮಗನ ಬೆನ್ನು ಒರೆಸಿದ್ದ ತಮ್ಮ ಕೈಯನ್ನೇ ನೋಡಿಕೊಂಡರು.

"ಲೋ, ಮದ್ರಾಸು ಆಮೇಲೆ. ಇಲ್ಲಿ ಬಾ."

"ಏನಮ್ಮ?"

"ನೀರು ಕೆಳಕ್ಕೆ ಸೋರುತ್ತೆ. ಮೇಲಕ್ಕೆ ಸೋರುತ್ತೇನೋ? ಮುಚ್ಚಳದ ನೆತ್ತಿ ಮೇಲೆ ಬರುತ್ತಾ?"

"ಇಲ್ಲ."

"ನಿನ್ನ ತೊಟ್ಟಿ ಸೋರ್ತಿಲ್ಲ ಕಣೋ. ಬೆವರ್ತಿದೆ."

ಯಜಮಾನರು ಬಂದು ಕೂತರು. ಒರೆಸಿದರು, ಕಾದರು, ಹನಿ ಬಂತು. ಓವರ್‌ಸಿಯರು ಈ ಸಲ ಬೇಲಿ ಸುತ್ತಿಕೊಂಡು ಬಾಗಿಲಿನಿಂದಲೇ ಬಂದರು. ಅವರೂ ಒರೆಸಿ ಕಾದರು. ಕಡೆಗೆ ಅವರು ಗಂಟಲು ಸರಿಮಾಡಿಕೊಂಡು, "ಗಾಳೀಲಿ ತೇವ ಇರುತ್ತಲ್ಲ, ಅದು ತಣ್ಣಗಿದ್ದಕ್ಕೆ ಬಂದು ಕೂರುತ್ತೆ. ಉಪ್ಪು ಬಿದ್ರೆ ಐಸು ಇನ್ನೂ ತಣ್ಣಗಾಗುತ್ತೆ, ಹನಿನೂ ಹೆಚ್ಚಾಗುತ್ತೆ. ನಾನು ಮೊದ್ಲೇ ಅಂದ್ಕೊಂಡೆ" ಎಂದರು.

"ಮೊದ್ಲೇ ಅಂದ್ಕೊಂಡೋರು ನೆಕ್ಕಿದ್ದು ಯಾಕೆ?" ಎಂದರು ಅತ್ತೆ.

ಯಜಮಾನರಿಗೆ ಆ ಹೊತ್ತಿನಲ್ಲಿ ಸಂತೋಷವೂ ಅವಮಾನವೂ ಒಟ್ಟಿಗೆ ಆದಂತಿತ್ತು. ತೊಟ್ಟಿ ನಿರ್ದೋಷಿ. ಆದರೆ ಹುಟ್ಟಿದಾಗಿನಿಂದ ಪಾತ್ರೆಗಳ ನಡುವೆ ಬೆಳೆದವರಿಗೆ ಪಾತ್ರೆ ಬೆವರುವುದು ಗೊತ್ತಾಗಲಿಲ್ಲವಲ್ಲ! ನಾನು ಹಾಗೆಂದು ಕಾಡಿಸಿದಾಗ, "ನಮ್ಮ ಅಂಗಡೀಲಿ ಪಾತ್ರೆ ಖಾಲಿ ಇರುತ್ತೆ ಕಣೇ. ಖಾಲಿ ಪಾತ್ರೆ ಯಾಕೆ ಬೆವರುತ್ತೆ?" ಎಂದರು. ಅದೂ ನ್ಯಾಯವೇ.

ಬೆವರನ್ನು ನಿಲ್ಲಿಸುವಂತಿರಲಿಲ್ಲ. ಕಂಬಳಿ ಹೊದಿಸಿದರೆ ಬೆವರು ನಿಲ್ಲುತ್ತದೆ, ತಂಪೂ ನಿಲ್ಲುತ್ತದೆ. ಕೊನೆಗೆ ಅಂಗಡಿಯಿಂದ ಉದ್ದನೆಯ ಒಂದು ಹಿತ್ತಾಳೆ ತಟ್ಟೆ ತಂದು ತೊಟ್ಟಿಯ ಕೆಳಗೆ ಕಟ್ಟಿದರು. ಬ್ರೇಕು ಹಾಕಿದಾಗ ನೀರು ತುಳುಕದಿರಲೆಂದು ನಾನು ತಟ್ಟೆಯ ತುಂಬ ಹಳೆಯ ಟವಲು ಮಡಿಸಿ ಹಾಸಿದೆ. ನೆನೆದಾಗ ಹಿಂಡಿ ಕಿಟಕಿಯಾಚೆ ಚೆಲ್ಲುವ ಕೆಲಸವೂ ನನಗೇ ಬಂತು.

ಬೆಳಕು ಹರಿಯುವ ಮುಂಚೆ ಹೊರಟೆವು. ಮುಂದಿನ ಸೀಟಿನಲ್ಲಿ ಯಜಮಾನರ ಪಕ್ಕ ಮರದ ಹೊಟ್ಟಿನಲ್ಲಿ ಹೂತಿಟ್ಟ ಐಸಿನ ಮೂಟೆ. ತುಮಕೂರು ದಾಟುವವರೆಗೆ ಐಸಿನ ಅಗತ್ಯವೇ ಬೀಳಲಿಲ್ಲ. ಅತ್ತೆ ಶಾಲು ಹೊದ್ದು ಕೂತಿದ್ದರು. ಶಿರಾ ಕಳೆದ ಮೇಲೆ ಬಿಸಿಲು ಬಂತು. ಹಿರಿಯೂರಿನ ಆಚೆ ರಸ್ತೆ ಬೆಳ್ಳಗೆ ಕುಣಿಯತೊಡಗಿತು. ಯಜಮಾನರು ಕಾರು ನಿಲ್ಲಿಸಿ ಐಸು ತುಂಬಿದರು. ಚಳ್ಳಕೆರೆಯವರೆಗೆ ಟವಲು ಹಿಂಡಿ ಹಿಂಡಿ ನನ್ನ ಕೈ ಮರಗಟ್ಟಿತು. ಅತ್ತೆ ಕಣ್ಣು ಮುಚ್ಚಿ, ತೊಟ್ಟಿಯ ಕಡೆ ಮುಖವೊಡ್ಡಿಕೊಂಡು ಕೂತಿದ್ದರು. ಏನೂ ಮಾತಾಡಲಿಲ್ಲ. ಬಳ್ಳಾರಿ ಮುಟ್ಟಿದಾಗ ತೊಟ್ಟಿಯಲ್ಲಿ ಉಗುರು ಬೆಚ್ಚಗಿನ ನೀರು ಮಾತ್ರ ಉಳಿದಿತ್ತು. ಆದರೆ ಅತ್ತೆ ಯಾರ ಕೈಯನ್ನೂ ಹಿಡಿಯದೆ ಕಾರಿನಿಂದಿಳಿದು, ಚಪ್ಪರದ ಬಾಗಿಲಲ್ಲಿ ನಿಂತಿದ್ದ ನಮ್ಮಪ್ಪನ ಎದುರು ಹೋಗಿ, "ಬಂದಿದೀನಿ" ಎಂದರು.

"ಬರ್ರಿ ಬೀಗಿತ್ತಿಯವರ, ಬರ್ರಿ. ಇಂಥಾ ಬಿಸಿಲಾಗ ಬಂದೀರಿ, ದೊಡ್ಡ ಮಾತು" ಎಂದು ಅಪ್ಪ ಕೈಮುಗಿದರು.

ಮರುದಿನ ಯಜಮಾನರಿಗೆ ತಮ್ಮ ತೊಟ್ಟಿಯನ್ನು ಮಾವನಿಗೆ ತೋರಿಸದೆ ಸಮಾಧಾನವಿಲ್ಲ. ಊರಿನ ಸೋಡಾ ಅಂಗಡಿಯಿಂದ ಐಸು ತರಿಸಿ, ಬೇವಿನ ಮರದ ಕೆಳಗೆ ನಿಂತ ಕಾರಿನಲ್ಲಿ ಅಪ್ಪನನ್ನು ಕೂರಿಸಿದರು. ಕಾರು ನಿಂತಿದ್ದರಿಂದ ಗಾಳಿಯಿಲ್ಲ. ಮುಂದಿನ ಸೀಟಿನಲ್ಲಿ ತಿರುಗಿ ಕೂತು ತಾವೇ ಬೀಸಣಿಗೆ ಬೀಸಿದರು. ಅಪ್ಪ ಕುತೂಹಲಕ್ಕೆ ತೊಟ್ಟಿಯ ಕೆಳಗೆ ಬಗ್ಗಿ ನೋಡಿದರು. ಆ ದಿನ ಟವಲು ಹಾಸುವುದನ್ನು ನಾವು ಮರೆತಿದ್ದೆವು. ತಟ್ಟೆಯ ಅಂಚಿನಿಂದ ನೀರು ಧಾರೆಯಾಗಿ ಅಪ್ಪನ ಬೋಳುತಲೆಯ ಮೇಲೆ ಇಳಿಯಿತು.

"ಮಾವ, ಅದು ಸೋರ್ತಿಲ್ಲ" ಎಂದು ಯಜಮಾನರು ಗಾಬರಿಯಿಂದ ಶುರುಮಾಡಿದರು. "ಗಾಳೀಲಿ ತೇವ ಇರುತ್ತಲ್ಲ, ಅದು..."

"ಅಳಿಯಂದ್ರ, ಸುಮ್ಕಿರ್ರಿ" ಎಂದರು ಅಪ್ಪ, ತಲೆಯನ್ನು ಅಲ್ಲಿಂದ ಕದಲಿಸದೆ. "ವೈಶಾಖದಾಗ ನೆತ್ತಿ ಮ್ಯಾಲೆ ತಣ್ಣೀರು ಬಿದ್ರ, ಅದರ ಊರು ಹೆಸರು ಯಾರು ಕೇಳ್ತಾರ? ಬೀಳಲಿ."

ಅಲ್ಲಿಂದ ಮುಂದೆ ಆ ಕಾರು ನಮ್ಮ ಕೈಯಲ್ಲಿ ಉಳಿಯಲಿಲ್ಲ. ಮದುವೆಗೆ ಬಂದ ವಯಸ್ಸಾದವರೆಲ್ಲ ಒಬ್ಬೊಬ್ಬರಾಗಿ ಬೇವಿನ ಮರದ ಕಡೆ ಬಂದರು. ಅತ್ತೆ ಕಾರಿನ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು. ಯಾರು ಒಳಗೆ ಹೋಗಬೇಕು, ಎಷ್ಟು ಹೊತ್ತು ಇರಬೇಕು, ಎಲ್ಲ ಅವರದೇ ತೀರ್ಮಾನ. ಗಂಡಿನ ಸೋದರತ್ತೆಯಾದ ನಮ್ಮಪ್ಪನ ತಂಗಿಯನ್ನೇ, "ನೀವು ಆಗ್ಲೇ ಒಂದ್ಸಲ ಕೂತಿದ್ರಿ, ಇಳೀರಿ" ಎಂದು ಎಬ್ಬಿಸಿದರು. ಕೇಳಿದವರಿಗೆಲ್ಲ, ಸೋರುವುದಕ್ಕೂ ಬೆವರುವುದಕ್ಕೂ ಇರುವ ವ್ಯತ್ಯಾಸವನ್ನು ಮುಚ್ಚಳ ಒರೆಸಿ ತೋರಿಸಿಕೊಟ್ಟರು. ಯಜಮಾನರು ಚಪ್ಪರದ ಕಂಬಕ್ಕೊರಗಿ ಇದನ್ನು ದೂರದಿಂದಲೇ ನೋಡುತ್ತಿದ್ದರು. ಅವರಿಗೆ ಸರದಿ ಸಿಕ್ಕಲಿಲ್ಲ.

ಹೊರಡುವ ದಿನ ಅಪ್ಪ ತೊಟ್ಟಿಯ ಮೇಲೆ ಕೈಯಾಡಿಸುತ್ತ ನಿಂತರು. ಬಾಯಿಬಿಟ್ಟು ಕೇಳಲಿಲ್ಲ. ಯಜಮಾನರು ಪಟ್ಟಿಗಳನ್ನು ಬಿಚ್ಚಿ, ತೊಟ್ಟಿಯನ್ನು ಅಲ್ಲಿಯೇ ಇಳಿಸಿದರು. "ಬೆಂಗಳೂರಲ್ಲಿ ನಮಗೆ ಇದು ಯಾಕೆ ಮಾವ" ಎಂದರು. ಬಹಳ ವರ್ಷ ಅಲ್ಲಿ ಬೇಸಿಗೆಯ ಸಮಾರಂಭಗಳಿಗೆಲ್ಲ ಅದರಲ್ಲಿ ಮಜ್ಜಿಗೆ ತಂಪಾಗುತ್ತಿತ್ತು.

ಹಿಂದಿರುಗುವಾಗ ದಾರಿಯುದ್ದಕ್ಕೂ ಸೆಖೆ. ಅತ್ತೆ ಒದ್ದೆ ಟವಲನ್ನು ತಲೆಗೆ ಸುತ್ತಿಕೊಂಡು, ಒಂದು ಮಾತೂ ಗೊಣಗದೆ ಕೂತಿದ್ದರು. ಶಿರಾ ದಾಟಿದ ಮೇಲೆ ಸಂಜೆಯ ಗಾಳಿ ತಾನಾಗಿಯೇ ಬಂತು. ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಯಜಮಾನರು ಕೇಳಿದರು:

"ಒಂದು ಮಾತು. ಅದು ತಂಪಾಗಿತ್ತಾ?"

"ಯಾವುದು?"

"ತೊಟ್ಟಿ. ಹೋಗ್ತಾ ದಾರೀಲಿ. ಸೋರುತ್ತೆ, ಬೆವರುತ್ತೆ ಅಂತ ಎಲ್ರೂ ಹೇಳಿದ್ರಿ. ತಂಪಾಗಿತ್ತಾ ಇಲ್ವಾ ಅಂತ ಒಬ್ರೂ ಹೇಳ್ಲಿಲ್ಲ. ನಾನು ಮುಂದೆ ಇದ್ದೆ. ನನಗೆ ಗೊತ್ತಾಗ್ಲಿಲ್ಲ."

ನಾನು ಯೋಚಿಸಿ ನೋಡಿದೆ. ನಿಜ. ಅಷ್ಟು ದಿನ ಎಲ್ಲರೂ ಆ ತೊಟ್ಟಿಯ ತಳವನ್ನೇ ನೋಡಿದ್ದೆವು. ಅದರ ತಂಪನ್ನು ಬಾಯಿಬಿಟ್ಟು ಹೇಳಿದವರೇ ಇರಲಿಲ್ಲ. ಅವರೊಬ್ಬರೇ ಅದರ ಹಿಂದೆ ಕೂತಿರಲಿಲ್ಲ.

"ತುಂಬ ತಂಪಾಗಿತ್ತು ರೀ" ಎಂದೆ.

ಕಣ್ಣು ಮುಚ್ಚಿಕೊಂಡಿದ್ದ ಅತ್ತೆ, ಮುಚ್ಚಿಕೊಂಡೇ, "ಹಿರಿಯೂರಿಂದ ಚಳ್ಳಕೆರೆ ತನಕ ನಾನು ಯಾಕೆ ಮಾತಾಡ್ಲಿಲ್ಲ ಅಂದ್ಕೊಂಡಿದೀಯ?" ಎಂದರು.

ಯಜಮಾನರು ಸ್ವಲ್ಪ ಮುಂದೆ ಹೋದ ಮೇಲೆ, ರಸ್ತೆಯಲ್ಲಿ ಮನುಷ್ಯರೂ ದನವೂ ಯಾವುದೂ ಇಲ್ಲದಿದ್ದರೂ, ಎರಡು ಸಲ ಹಾರನ್ನು ಹೊಡೆದರು.